ಗುಳ್ಳೆ ಬಿಡಬಾರದೆಂದು ಕಲಿಸಿದವನು

ಮಳೆಗಾಲ ಶುರುವಾದರೆ ಕರಾವಳಿಯಲ್ಲಿ ಡೈವಿಂಗ್ ಬಂದ್. ದೋಣಿಗಳನ್ನು ದಡಕ್ಕೆಳೆದು ತಾರ್ಪಾಲು ಹೊದಿಸುತ್ತಾರೆ, ಪ್ರವಾಸಿಗಳು ಬೇರೆ ಊರು ನೋಡಿಕೊಳ್ಳುತ್ತಾರೆ, ನನ್ನಂಥವರಿಗೆ ಮೂರು ನಾಲ್ಕು ತಿಂಗಳು ರಜೆ. ಆ ರಜೆಯಲ್ಲಿ ನಾನು ಮೊಳಕಾಲ್ಮೂರು ತಾಲೂಕಿನ ನಮ್ಮೂರಿಗೆ ಬಂದು ಅವ್ವನ ಮನೆಯಲ್ಲಿ ಬಿದ್ದುಕೊಂಡಿರುತ್ತೇನೆ. ಬಿದ್ದುಕೊಳ್ಳುವುದು ಅಂದರೆ ಮಾತಿಗೆ ಹೇಳಿದ್ದಲ್ಲ. ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ, ದೇವಸಮುದ್ರದ ದಾರಿಯಲ್ಲಿ ಇಳಿದು, ಮನೆ ಹೊಕ್ಕು ಚಾಪೆ ಹಾಸಿದೆನೆಂದರೆ ಎರಡು ಮೂರು ದಿನ ಏಳುವುದಿಲ್ಲ. ಅವ್ವ ಊಟದ ತಟ್ಟೆಯನ್ನು ದಿಂಬಿನ ಪಕ್ಕಕ್ಕೇ ತಂದಿಟ್ಟು, ಬಂದು ಹೋದವರಿಗೆಲ್ಲ ನನ್ನ ಮಗಳು ಸಮುದ್ರದಾಗೆ ಟೀಚರು, ಸುಸ್ತಾಗೈತೆ ಎನ್ನುತ್ತಾಳೆ.

ಟೀಚರು ಅನ್ನುವುದು ಸುಳ್ಳೇನಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮೊದಲ ಸಲ ನೀರಿಗಿಳಿಯುವವರಿಗೆ ನಾನು ಮುಖ್ಯವಾಗಿ ಎರಡು ವಿಷಯ ಕಲಿಸುತ್ತೇನೆ. ಮುಳುಗದೆ ತೇಲದೆ ನಡುನೀರಿನಲ್ಲಿ ನಿಲ್ಲುವುದು ಒಂದು, ನಿಧಾನವಾಗಿ ಮೇಲೆ ಬರುವುದು ಇನ್ನೊಂದು. ಕೇಳಲಿಕ್ಕೆ ಇಷ್ಟೇ. ಆದರೆ ಹೆದರಿದ ಮನುಷ್ಯ ನೀರಿನೊಳಗೆ ಈ ಎರಡನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾನೆ. ಹತ್ತಾರು ವರ್ಷ ಅಂಥವರ ಕಾಲು ಹಿಡಿದು ಕೆಳಗೆಳೆದು, ಕೈ ಹಿಡಿದು ಮೇಲೆ ತಂದು ನನಗೆ ಸಾಕಾಗಿಹೋಗಿದೆ. ಎಡಗಿವಿಯಲ್ಲಿ ಸದಾ ಒಂದು ಸಿಳ್ಳೆ ಕೇಳುತ್ತದೆ. ಮೋಡ ಕವಿದರೆ ಸಾಕು, ಹಣೆ ಹಿಡಿದುಕೊಳ್ಳುತ್ತದೆ. ದೋಣಿಯಲ್ಲಿ ದಿನವಿಡೀ ನಗುತ್ತಲೇ ಇರಬೇಕು, ಇಲ್ಲದಿದ್ದರೆ ಬಂದವರಿಗೆ ಇನ್ನಷ್ಟು ಭಯವಾಗುತ್ತದೆ. ರಜೆಗೆ ಬಂದಾಗ ನಾನು ಮೊದಲು ನಿಲ್ಲಿಸುವುದು ಆ ನಗುವನ್ನು.

ಆ ವರ್ಷ ಬಂದ ಮಾರನೇ ದಿನವೇ ಮಾವ ಬಂದು ಚಾಪೆಯ ತುದಿಯಲ್ಲಿ ಕೂತ. ಮಾವ ಅಂದರೆ ಅವ್ವನ ತಮ್ಮ. ವಯಸ್ಸು ಅರವತ್ತು ದಾಟಿದೆ. ಊರಿನವರೆಲ್ಲ ಅವನಿಗೆ ರೀ ಹಚ್ಚಿ ಮಾತಾಡುತ್ತಾರೆ, ನಾನು ಮಾತ್ರ ಅವನ ಹೆಗಲ ಮೇಲೆ ಬೆಳೆದವಳಾದ್ದರಿಂದ ಏಕವಚನ ಬಿಟ್ಟಿಲ್ಲ. ಕೆರೆ ಏರಿಯ ಕೆಳಗೆ ಅವನದೊಂದು ಹೊಲ, ಹೊಲದಲ್ಲೊಂದು ಕಲ್ಲು ಕಟ್ಟಡದ ಬಾವಿ. ಸುತ್ತಲಿನ ಬಾವಿಗಳೆಲ್ಲ ಬತ್ತಿ ಜನ ಅವುಗಳೊಳಗೆ ಕಸ ಸುರಿಯುತ್ತಿದ್ದ ಕಾಲದಲ್ಲೂ ಏರಿಯ ಜಿನುಗಿನಿಂದ ಆ ಬಾವಿಯಲ್ಲಿ ನೀರಿತ್ತು. ಹಾಗಾಗಿ ನಮ್ಮ ಕಡೆ ಈಜು ಬರುವವರೆಲ್ಲ ಮಾವನ ಶಿಷ್ಯರೇ. ನಾನೂ ಅಷ್ಟೆ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಅಲ್ಲೇ ಕೈಕಾಲು ಬಡಿದವಳು.

ಅವನು ಕಲಿಸುವ ರೀತಿ ಅವನದೇ. ತೇಲುವುದು ಬಂದ ಮೇಲೆ ಬುರುಡೆ ಬಿಚ್ಚಿ, ಎದೆಗೊಂದು ಕಲ್ಲು ಕೊಟ್ಟು ನೀರಿಗೆ ದೂಡುತ್ತಿದ್ದ. ಕಲ್ಲಿನ ಭಾರಕ್ಕೆ ತಳ ಮುಟ್ಟಿ, ಕಲ್ಲು ಬಿಟ್ಟು, ಅಲ್ಲಿ ಕೂರಬೇಕು. ಎಷ್ಟು ಹೊತ್ತು ಕೂರುತ್ತೀಯೋ ಅಷ್ಟು ಗಟ್ಟಿ. ಉಳಿದ ಮಕ್ಕಳು ಮೆಟ್ಟಿಲ ಮೇಲೆ ನಿಂತು ನೀರನ್ನು ದಿಟ್ಟಿಸಿ ನೋಡುತ್ತಿದ್ದರು. ಒಂದು ಗುಳ್ಳೆ ಮೇಲೆ ಬಂದರೂ ನೀನು ಸೋತೆ. ಮಾವ ಎಣಿಸುತ್ತಿದ್ದ. ಗಡಿಯ ಆಚೆಯ ಸೀಮೆಯಲ್ಲಿ ಬಾವಿ ತೋಡುತ್ತ ಪ್ರಾಯ ಕಳೆದವನಾದ್ದರಿಂದ ಎಣಿಕೆ ಮಾತ್ರ ತೆಲುಗಿನಲ್ಲಿ, ಒಕಟಿ, ರೆಂಡು, ಮೂಡು. ಆಮೇಲೆ ತಳಕ್ಕೆ ಜಾಡಿಸಿ ಒದ್ದು ಒಂದೇ ಉಸಿರಿಗೆ ಚಿಮ್ಮಿ ಮೇಲೆ ಬರಬೇಕು. ಬಾಯಿ ಬಿಗಿದೇ ಇರಬೇಕು, ತಲೆ ನೀರಿನಿಂದ ಹೊರಬಂದ ಮೇಲೇ ಉಸಿರು. ಊರಲ್ಲಿ ಯಾರನ್ನಾದರೂ ಹೊಗಳುವಾಗ ಅವನು ಗುಳ್ಳೆ ಬಿಡೋನಲ್ಲ ಬಿಡು ಅನ್ನುವ ಮಾತು ಈಗಲೂ ಇದೆ.

ಅವತ್ತು ಮಾವ ಬಂದ ಕಾರಣ ಬೇರೆ. ಎರಡು ಮೂರು ವರ್ಷದಿಂದ ನಮ್ಮ ಕಡೆ ಮಳೆ ಚೆನ್ನಾಗಿ ಆಗಿತ್ತು. ಕೆರೆ ಕೋಡಿ ಬಿದ್ದಿತ್ತು, ಪಾಳು ಬಾವಿಗಳು ತುಂಬಿದ್ದವು, ಹಳೇ ಕಲ್ಲುಕ್ವಾರಿಗಳ ಹೊಂಡಗಳು ತುಳುಕುತ್ತಿದ್ದವು. ನೀರನ್ನೇ ಕಾಣದೆ ಬೆಳೆದ ಮಕ್ಕಳಿಗೆ ಅದರ ಅಂಜಿಕೆ ಎಲ್ಲಿಂದ ಬರಬೇಕು? ಆ ಬೇಸಿಗೆಯಲ್ಲಿ ಬಿ.ಜಿ. ಕೆರೆ ಕಡೆಯ ಒಂದು ಕ್ವಾರಿ ಹೊಂಡದಲ್ಲಿ ಕುರಿ ಮೈ ತೊಳೆಯಲು ಹೋದ ಹುಡುಗಿಯೊಬ್ಬಳು ಜಾರಿ ಬಿದ್ದಿದ್ದಳು. ಮಾವನನ್ನು ಬೈಕಿನಲ್ಲಿ ಕರೆದುಕೊಂಡು ಹೋದರು. ಸುತ್ತಮುತ್ತ ಎಲ್ಲಿ ಯಾರು ಮುಳುಗಿದರೂ ಕರೆಯುವುದು ಅವನನ್ನೇ. ಅವತ್ತು ಅವನಿಗೆ ತಳ ಸಿಗಲಿಲ್ಲ. ಮತ್ತೆ ಮತ್ತೆ ಮುಳುಗಿ, ಬರಿಗೈಯಲ್ಲಿ ಮೇಲೆ ಬಂದ. ದಡದ ಮೇಲೆ ಆ ಹುಡುಗಿಯ ತಾಯಿ ಅವನ ಕೈಗಳನ್ನೇ ನೋಡುತ್ತಿದ್ದಳಂತೆ. ಕೊನೆಗೆ ದೂರದಿಂದ ಬಂದವರು ಸಲಕರಣೆ ಹಾಕಿಕೊಂಡು ಇಳಿದು ತೆಗೆದರು. ಅಷ್ಟರಲ್ಲಿ ಬಹಳ ಹೊತ್ತಾಗಿತ್ತು.

ತಳ ಸಿಕ್ಕಿದ್ದರೆ ಅವನು ಬದುಕಿಸುತ್ತಿದ್ದನೆಂದು ಯಾರೂ ಹೇಳಲಾರರು. ಆದರೆ ಅವನ ತಲೆಯಲ್ಲಿ ಅದು ಹಾಗೇ ಕೂತುಬಿಟ್ಟಿತ್ತು. ಅವ್ವ ಹೇಳಿದ ಪ್ರಕಾರ ಅಂದಿನಿಂದ ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ, ಯಾರ ಜೊತೆಗೂ ಸರಿಯಾಗಿ ಮಾತಿಲ್ಲ. ಅವನ ಹಳೇ ಶಿಷ್ಯರು ಐದು ಜನ ಸೇರಿ ಮುಳುಗಿದವರನ್ನು ತೆಗೆಯಲು ಒಂದು ತಂಡ ಮಾಡಿಕೊಂಡಿದ್ದರು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಧಣಿಯೊಬ್ಬರು ಮೂರು ಜೊತೆ ಡೈವಿಂಗ್ ಸಾಮಾನನ್ನೂ ಸಿಲಿಂಡರಿಗೆ ಗಾಳಿ ತುಂಬುವ ಮಿಷನ್ನನ್ನೂ ಕೊಡಿಸಿದ್ದರು. ಸಾಮಾನು ಬಂತು, ಕಲಿಸುವವರು ಬರಲಿಲ್ಲ. ನಾನು ಬರುತ್ತೇನೆಂದು ತಿಂಗಳಿಂದ ಕಾಯುತ್ತಿದ್ದರು.

"ಉಸಿರು ಸಾಲಲ್ಲ ಈಗ ನಂಗೆ," ಅಂದ ಮಾವ. "ಆ ಡಬ್ಬಿ ಬೆನ್ನಿಗಿದ್ರೆ ಉಸಿರಿನ ಚಿಂತೆ ಇಲ್ಲ ಅಲ್ವಾ? ನಂಗೂ ಕಲ್ಸವ್ವ."

ಮಲಗಲು ಬಂದವಳು ನಾನು. ಆಗುವುದಿಲ್ಲ ಎಂದು ಅಲ್ಲೇ ಹೇಳಿದ್ದರೆ ಎಷ್ಟೋ ಸುಲಭವಿತ್ತು. ಅವನ ಕೈ ಚಾಪೆಯ ಅಂಚನ್ನು ಕೀಳುತ್ತ ಇತ್ತು. ಆಯ್ತು ಅಂದೆ. ಒಂದೇ ಷರತ್ತು ಹಾಕಿದೆ. ಚಳ್ಳಕೆರೆಯ ವೈದ್ಯರ ಹತ್ತಿರ ಎದೆ ಕಿವಿ ಎಲ್ಲ ತೋರಿಸಿಕೊಂಡು ಬಾ ಅಂದೆ. ಹೋಗಿ ಬಂದ. ವಯಸ್ಸಿಗೆ ಗಟ್ಟಿಯಾಗಿದ್ದಾರೆ ಎಂದರಂತೆ. ಬೇಡವೆನ್ನಲು ನನಗಿದ್ದ ಒಂದು ನೆಪವೂ ತಪ್ಪಿತು.

ಪಾಠ ಬಾವಿಯ ದಂಡೆಯ ಬೇವಿನ ಮರದ ಕೆಳಗೆ ಶುರುವಾಯಿತು. ಐದು ಜನರಲ್ಲಿ ಒಬ್ಬ ಮಿಲ್ಲಿನಲ್ಲಿ ಮೂಟೆ ಹೊರುವವನು, ಒಬ್ಬ ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವನು, ಉಳಿದವರು ಹೊಲ ಕುರಿ ಅಂತ ಇದ್ದವರು. ಎಲ್ಲರಿಗೂ ಬೆಳೆದ ಮೀಸೆ, ಇಬ್ಬರಿಗೆ ಮಕ್ಕಳೂ ಇದ್ದರು. ಇಂಥವರು ನನ್ನ ಮುಂದೆ ಶಾಲೆ ಮಕ್ಕಳ ಹಾಗೆ ಕೂತು, ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಅವರ ಕಣ್ಣು ಮಾತ್ರ ಮಾವನ ಮೇಲೆ. ಮಾವ ತಲೆಯಾಡಿಸಿದರೆ ಅದು ನಿಜ, ಆಡಿಸದಿದ್ದರೆ ನಾನು ಸಮುದ್ರದಿಂದ ಏನೋ ಹೊಸದು ತಂದಿದ್ದೇನೆ ಅಷ್ಟೆ.

ಮೊದಲ ಜಗಳ ಸೀಸದ್ದು. ಮೈ ತಾನಾಗಿ ತೇಲುತ್ತದೆ, ಹಾಗಾಗಿ ಸೊಂಟಕ್ಕೆ ಸೀಸದ ತುಂಡುಗಳ ಪಟ್ಟಿ ಕಟ್ಟುತ್ತೇವೆ. ಬಾವಿಯದು ಸಿಹಿನೀರು, ಸಮುದ್ರದಷ್ಟು ಮೇಲೆತ್ತುವುದಿಲ್ಲ, ಆದ್ದರಿಂದ ಸೀಸ ಕಡಿಮೆ ಸಾಕು ಎಂದು ಹೇಳಿದೆ. ಮಿಲ್ಲಿನವನು ಕದ್ದು ಇನ್ನೆರಡು ತುಂಡು ಸೇರಿಸಿಕೊಂಡಿದ್ದ. ಎದೆಗೆ ಕಲ್ಲವಚಿ ಮುಳುಗಿದ ಅಭ್ಯಾಸ, ಭಾರವಿದ್ದಷ್ಟೂ ಒಳ್ಳೆಯದು ಅಂತ ಅವನ ಲೆಕ್ಕ. ಕಲ್ಲಿನ ಹಾಗೆ ಹೋಗಿ ತಳದ ಕೆಸರಿನಲ್ಲಿ ಕೂತ. ಅವನನ್ನು ಹುಡುಕಲು ಹೋದ ನನಗೆ ಕದಡಿದ ನೀರಲ್ಲಿ ನನ್ನ ಕೈಯೇ ಕಾಣಲಿಲ್ಲ. ಮೇಲೆ ಬಂದು ಬೈದೆ. ಅವನು ಹಲ್ಲು ಕಿರಿದ.

ನಡುನೀರಿನಲ್ಲಿ ನಿಲ್ಲಿಸಲು ಅವರಿಗೆ ಹೇಳುತ್ತಿದ್ದುದು ಇಷ್ಟು. ಸಿಲಿಂಡರ್ ಕೂರಿಸಿದ ಜಾಕೆಟ್ಟಿಗೆ ಗುಂಡಿ ಒತ್ತಿ ಗಾಳಿಯನ್ನು ಚೂರು ಚೂರೇ ಬಿಡಿ, ಅದು ನಿಮ್ಮ ಸೋರೆಬುರುಡೆ. ಹೆಚ್ಚಾದರೆ ಎತ್ತಿಕೊಂಡು ಹೋಗುತ್ತದೆ, ಕಡಿಮೆಯಾದರೆ ತಳಕ್ಕೆ ಇಳಿಸುತ್ತದೆ. ಸರಿಹೋದ ಮೇಲೆ ಗುಂಡಿ ಮುಟ್ಟಬೇಡಿ, ಎದೆಯೇ ಸಾಕು. ಉಸಿರು ಎಳೆದರೆ ಒಂದು ಗೇಣು ಏರುತ್ತೀರಿ, ಬಿಟ್ಟರೆ ಒಂದು ಗೇಣು ಇಳಿಯುತ್ತೀರಿ. ಎಳೆದ ತಕ್ಷಣ ಏರುವುದಿಲ್ಲ, ಸ್ವಲ್ಪ ತಾಳಬೇಕು. ಅವರಿಗೆ ಆ ತಾಳ್ಮೆ ಇರಲಿಲ್ಲ. ಏರಲಿಲ್ಲವೆಂದು ಗುಂಡಿ ಒತ್ತುವರು, ಹಾರಿ ಹೋಗುವರು, ಗಾಬರಿಯಾಗಿ ಎಲ್ಲ ಗಾಳಿ ಬಿಡುವರು, ಬೀಳುವರು. ಇಡೀ ದಿನ ನಾನು ಬಾವಿಯೊಳಗೆ ಒಬ್ಬನನ್ನು ಕೆಳಗೆಳೆಯುವುದು ಇನ್ನೊಬ್ಬನನ್ನು ಮೇಲೆತ್ತುವುದು. ಮನೆಗೆ ಬಂದು ಮುದ್ದೆ ಮುರಿಯಲೂ ಕೈ ಬರುತ್ತಿರಲಿಲ್ಲ.

ಮಾವ ಮಾತ್ರ ಮೊದಲ ದಿನವೇ ನಿಂತ. ಆರಾಳು ನೀರಿನ ನಡುವೆ ಕಾಲು ಮಡಚಿ, ಕೈ ಕಟ್ಟಿ, ಅಲ್ಲಾಡದೆ ನಿಂತ. ಇಷ್ಟು ವರ್ಷದಲ್ಲಿ ಅಷ್ಟು ಸಲೀಸಾಗಿ ನಿಂತವರನ್ನು ನಾನು ಕಂಡಿರಲಿಲ್ಲ. ಮನಸ್ಸಿಗೆ ಖುಷಿಯಾಯಿತು. ಆಮೇಲೆ ಅವನ ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಮುಳ್ಳು ನೋಡಿದೆ. ಉಳಿದವರ ಸಿಲಿಂಡರು ಅರ್ಧಕ್ಕಿಳಿಯುವಷ್ಟು ಹೊತ್ತಾದರೂ ಅವನದು ತುಂಬಿಯೇ ಇತ್ತು. ಹುಡುಗರು ಅದನ್ನೇ ದೊಡ್ಡದು ಮಾಡಿ, ಮಾವನಿಗೆ ಒಂದು ಡಬ್ಬಿ ವಾರ ಬರ್ತೈತೆ ಎಂದು ಹೊಗಳತೊಡಗಿದರು. ನನಗೆ ಅದು ಏನೆಂದು ಗೊತ್ತಾಗಿತ್ತು. ಅವನು ಉಸಿರಾಡುತ್ತಲೇ ಇರಲಿಲ್ಲ. ಒಂದು ಗುಟುಕು ಎಳೆದು, ಹಿಡಿದು, ಬೇಕೇ ಬೇಕೆನಿಸಿದಾಗ ಕಳ್ಳತನದಲ್ಲಿ ಎಂಬಂತೆ ಒಂದಿಷ್ಟು ಬಿಡುತ್ತಿದ್ದ.

ಡೈವಿಂಗಿನಲ್ಲಿ ಎಲ್ಲ ನಿಯಮಕ್ಕಿಂತ ಮೊದಲನೆಯದು ಉಸಿರು ಹಿಡಿಯಬಾರದು ಅನ್ನುವುದು. ಬರಿಮೈಯಲ್ಲಿ ಮುಳುಗುವವನು ದಂಡೆಯ ಮೇಲೆ ಎಳೆದ ಉಸಿರನ್ನೇ ಒಯ್ದು ಅದನ್ನೇ ತರುತ್ತಾನೆ, ಅವನಿಗೆ ಏನೂ ಆಗುವುದಿಲ್ಲ. ಸಿಲಿಂಡರಿನವನು ಹಾಗಲ್ಲ. ಅವನು ಆಳದಲ್ಲಿ ಎಳೆಯುವುದು ಒತ್ತಿ ಹಿಂಡಿದ ಗಾಳಿ. ಮೇಲೆ ಬರುತ್ತ ಒತ್ತಡ ಕಡಿಮೆಯಾದಂತೆ ಅದು ಎದೆಯೊಳಗೇ ಹಿಗ್ಗುತ್ತದೆ. ಬಾಯಿ ತೆರೆದಿದ್ದರೆ ಹೊರಗೆ ಹೋಗುತ್ತದೆ. ಮುಚ್ಚಿದ್ದರೆ ಪುಪ್ಪುಸವನ್ನು ಹರಿದುಕೊಂಡು ರಕ್ತಕ್ಕೆ ನುಗ್ಗುತ್ತದೆ, ಅಲ್ಲಿಂದ ಮಿದುಳಿಗೆ. ಅದಕ್ಕೆ ಬಹಳ ಆಳವೂ ಬೇಕಿಲ್ಲ. ನಮ್ಮೂರ ಬಾವಿಯ ಆಳ ಧಾರಾಳವಾಗಿ ಸಾಕು.

ತೋರಿಸಿದರೆ ನಂಬುತ್ತಾರೆಂದು ಒಂದು ಬಲೂನು ಒಯ್ದು, ಬಾವಿಯ ತಳದಲ್ಲಿ ಸಿಲಿಂಡರಿನ ಗಾಳಿ ತುಂಬಿ, ಕಟ್ಟಿ ಮೇಲೆ ಬಿಟ್ಟೆ. ಏರುತ್ತ ಏರುತ್ತ ಊದಿ, ನೀರಿನ ಮೇಲೆ ಬರುವಷ್ಟರಲ್ಲಿ ಟಪ್ಪೆಂದಿತು. ಹುಡುಗರು ನಕ್ಕರು. ಮಾವ, ಬಲೂನು ರಬ್ಬರಿಂದು, ಎದೆ ರಬ್ಬರಿಂದಲ್ಲ ಎಂದ. ಅದಕ್ಕೇ ಹೇಳುತ್ತಿರುವುದು, ರಬ್ಬರು ಅಷ್ಟಾದರೂ ತಡೆಯಿತು ಎಂದೆ. ಎಲ್ಲರೂ ಹೂಂಗುಟ್ಟಿದರು. ಮಧ್ಯಾಹ್ನ ಒಬ್ಬೊಬ್ಬರನ್ನೇ ಕೈ ಹಿಡಿದು ಮೇಲೆ ತಂದಾಗ ನೋಡಿದರೆ ಐದಕ್ಕೆ ಐದೂ ಜನ, ತಲೆ ಹೊರಬರಲು ಇನ್ನೊಂದಾಳು ಇರುವಾಗ ಬಾಯಿ ಬಿಗಿಯುತ್ತಿದ್ದರು. ಕೇಳಿದರೆ ಇಲ್ಲವಲ್ಲ ಎನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಅದು ತಿಳಿಯುತ್ತಲೇ ಇರಲಿಲ್ಲ.

ನನಗೆ ನಿಜವಾಗಿ ಭಯ ಹತ್ತಿದ್ದು ಆಗ. ರಜೆ ಮುಗಿದರೆ ನಾನು ಹೊರಟುಹೋಗುವವಳು. ಇವರು ಯಾವುದೋ ಕ್ವಾರಿ ಹೊಂಡಕ್ಕೆ, ದಡದಲ್ಲಿ ಜನ ಬಾಯಿ ಬಡಿದುಕೊಳ್ಳುತ್ತಿರುವಾಗ, ಅವಸರದಲ್ಲಿ ಇಳಿಯುವವರು. ಒಂದು ಹೆಣ ತೆಗೆಯಲು ಹೋಗಿ ಎರಡಾಗುತ್ತದೆ. ನಾನು ಗಂಟಲು ಹರಿದುಕೊಂಡರೂ ಅವರ ಬಾಯಿ ತೆರೆಯುವುದಿಲ್ಲ. ಅದನ್ನು ಮುಚ್ಚಿದವನು ಅವರ ಜೊತೆಯಲ್ಲೇ ಸೀಸ ಕಟ್ಟಿಕೊಂಡು ಕೂತಿದ್ದಾನೆ. ಅವನನ್ನು ನೀನು ಬೇಡ ಎಂದು ಕಳಿಸಿದರೆ ಇವರೆಲ್ಲ ನನ್ನನ್ನೇ ಬೇಡವೆನ್ನುತ್ತಾರೆ. ಕಳಿಸದಿದ್ದರೆ ಮೊದಲು ಸಾಯುವವನು ಅವನೇ.

ಮಾರನೇ ದಿನ ಮಾವನನ್ನು ಒಬ್ಬನನ್ನೇ ತಳಕ್ಕೆ ಕರೆದುಕೊಂಡು ಹೋದೆ. ಅವನ ಎರಡೂ ಮಣಿಕಟ್ಟು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಬಿಡು ಬಿಡು ಎಂದು ಸನ್ನೆ ಮಾಡುತ್ತ ಮೇಲೆ ತರತೊಡಗಿದೆ. ನಮ್ಮ ನಮ್ಮ ಸಣ್ಣ ಗುಳ್ಳೆಗಳಿಗಿಂತ ಬೇಗ ಏರಬಾರದು ಅನ್ನುವುದು ಲೆಕ್ಕ. ಚೆನ್ನಾಗಿಯೇ ಬಂದ. ಅರ್ಧ ದಾರಿಯವರೆಗೆ ಅವನ ಬಾಯಿಂದ ಗುಳ್ಳೆ ಸರವಾಗಿ ಹೋಗುತ್ತಿತ್ತು. ಅಲ್ಲಿ ನೀರು ತಿಳಿಯಾಗುತ್ತದೆ, ಬೆಳಕು ಬರುತ್ತದೆ. ಅವನು ಒಮ್ಮೆ ಕತ್ತೆತ್ತಿ ಮೇಲೆ ನೋಡಿದ. ಮೆಟ್ಟಿಲ ಮೇಲೆ ಐದು ಮುಖಗಳು ಬಗ್ಗಿ ನೀರನ್ನು ದಿಟ್ಟಿಸುತ್ತಿದ್ದವು. ಗುಳ್ಳೆ ನಿಂತಿತು.

ಹೆದರಿಕೆಯೇನೂ ಅವನ ಮುಖದಲ್ಲಿ ಇರಲಿಲ್ಲ. ಕಣ್ಣು ಶಾಂತವಾಗಿದ್ದವು, ಕೆನ್ನೆ ಬಿಗಿದಿದ್ದವು, ಹಳೇ ಕಾಲದ ಆಟದ ಮುಖವದು. ಎದೆಯೊಳಗಿನ ಗಾಳಿಯೂ ಜಾಕೆಟ್ಟಿನ ಗಾಳಿಯೂ ಸೇರಿ ಅವನನ್ನು ಎತ್ತಿಕೊಂಡು ಹೊರಟವು. ಕಾಲು ತಾನಾಗಿ ಒದೆಯಲು ಮಡಚಿತು. ನಾನು ಅವನ ಜಾಕೆಟ್ಟಿನ ದಾರ ಜಗ್ಗಿ ಗಾಳಿ ಹೊರಬಿಟ್ಟೆ, ನನ್ನ ಭಾರವನ್ನೆಲ್ಲ ಹಾಕಿ ಕೆಳಗೆಳೆದೆ, ಮುಷ್ಟಿ ಕಟ್ಟಿ ಅವನ ಹೊಟ್ಟೆಗೆ ಒತ್ತಿದೆ. ಒಂದು ಸಲಕ್ಕೆ ಬಿಡಲಿಲ್ಲ. ಎರಡನೇ ಸಲ ಗುದ್ದಿದೆ ಎಂದೇ ಹೇಳಬೇಕು. ಆಗ ಬಾಯಿಂದ ಭಸ್ಸೆಂದು ದೊಡ್ಡ ಗುಳ್ಳೆಗಳು ಹೊರಟವು. ಅಲ್ಲೇ ಹಿಡಿದು ನಿಲ್ಲಿಸಿ, ಅವನು ನೆಟ್ಟಗೆ ಉಸಿರಾಡುವವರೆಗೆ ಕಾದು, ಆಮೇಲೆ ಮೇಲೆ ತಂದೆ.

ತಲೆ ಹೊರಗೆ ಹಾಕಿದರೆ ಹುಡುಗರ ಮುಖದಲ್ಲಿ ನಗು. ಕೆಳಗೆ ಗುಳ್ಳೆ ನಿಂತಾಗ ಅವರು ಚಪ್ಪಾಳೆ ಹೊಡೆದಿದ್ದರಂತೆ. ನೇಯುವವನು ಎಣಿಸಿಯೂ ಇದ್ದನಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂದು ಬಾಯಿಗೆ ಬಂದಂತೆ ಬೈದೆ. ಮಾವನ ಎದೆಗೆ ಕಿವಿಯಿಟ್ಟೆ, ಮಾತಾಡಿಸಿದೆ, ನಡೆಸಿದೆ, ಚರ್ಮದಡಿ ಗಾಳಿ ಸೇರಿದೆಯೇ ಎಂದು ಕತ್ತು ಒತ್ತಿ ನೋಡಿದೆ. ಮೂಗಿನಲ್ಲಿ ಒಂದು ಹನಿ ರಕ್ತ ಬಿಟ್ಟರೆ ಏನೂ ಆಗಿರಲಿಲ್ಲ. ಆದರೂ ಬಿಡದೆ ಅವನನ್ನು ಬೈಕಿನಲ್ಲಿ ಕೂರಿಸಿ ಚಳ್ಳಕೆರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಅಲ್ಲಿಯೂ ಏನೂ ತೊಂದರೆಯಿಲ್ಲ ಎಂದರು.

ಸಂಜೆ ಅವನ ಮನೆಗೆ ಹೋದೆ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆಲ್ಲ ಮರೆತುಹೋಯಿತು.

"ನೀನು ಇಳಿಯಾದು ಬ್ಯಾಡ ಮಾವ," ಅಂದೆ. "ಇನ್ನೊಂದ್ ಸಲ ಹಂಗಾದ್ರೆ ನಾನು ಅಲ್ಲಿರಲ್ಲ."

 ಅವನ ಉತ್ತರಕ್ಕೂ ಕಾಯದೆ ಮುಂದುವರಿಸಿದೆ. ಹುಡುಗರಿಗೆ ನಿಜ ಹೇಳುವುದು ಬೇಡ, ಮಾವನಿಗೆ ಕಿವಿ ನೋವು, ವೈದ್ಯರು ನೀರಿಗಿಳಿಯಬೇಡಿ ಅಂದಿದ್ದಾರೆ ಎಂದು ನಾನೇ ಹೇಳುತ್ತೇನೆ, ನಿನ್ನ ಮರ್ಯಾದೆಗೆ ಏನೂ ಆಗುವುದಿಲ್ಲ ಎಂದೆ. ಆ ಮಾತು ಬಾಯಿಂದ ಹೊರಟಾಗಲೇ ನನಗೆ ಅಸಹ್ಯವಾಯಿತು. ಹುಡುಗರಿಗೆ ನಿಜ ಗೊತ್ತಾಗದಿದ್ದರೆ ಅವರ ಬಾಯಿ ಹಾಗೇ ಬಿಗಿದಿರುತ್ತದೆ. ಆದರೆ ಬೇರೇನೂ ಹೊಳೆಯದಷ್ಟು ದಣಿದಿದ್ದೆ. ಅವನು ಎದ್ದು ಒಳಗೆ ಹೋದ. ನಾನು ಮನೆಗೆ ಬಂದೆ.

ಬೆಳಿಗ್ಗೆ ನಾನು ಬಾವಿಗೆ ಹೋಗುವಷ್ಟರಲ್ಲಿ ಮಾವ ಬೇವಿನ ಕೆಳಗೆ ನಿಂತಿದ್ದ. ಪಂಚೆ ಅಂಗಿ ಹಾಕಿದ್ದ, ನೀರಿಗಿಳಿಯುವ ಲಕ್ಷಣವಿರಲಿಲ್ಲ. ಐದೂ ಜನ ಸುತ್ತ ಕೂತಿದ್ದರು. ನಾನು ಕಿವಿ ನೋವಿನ ಕಥೆ ಶುರುಮಾಡುವ ಮುಂಚೆ ಅವನೇ ಬಾಯಿ ತೆಗೆದ.

"ಲೇ, ಕೇಳ್ರಲೇ. ನಿನ್ನೆ ನೀವು ಚಪ್ಪಾಳೆ ಹೊಡೆದ್ರಲ್ಲ, ಆಗ ನಾನು ಸಾಯಾಕೆ ಹೊಂಟಿದ್ದೆ. ಬೇಕಂತ ಉಸಿರು ಹಿಡೀಲಿಲ್ಲ. ನಿಮ್ಮ ಮುಖ ಕಂಡವು, ಬಾಯಿ ತಾನೇ ಮುಚ್ಕೊಂತು. ನಿಮ್ದೂ ಹಂಗೇ ಮುಚ್ಕೊಂತೈತೆ. ಮುಚ್ಚಾಕೆ ಕಲ್ಸಿದೋನು ನಾನು. ಬರಿಮೈಯಾಗೆ ಅದೇ ಸರಿ. ಆದ್ರೆ ಈ ಡಬ್ಬಿ ಕಟ್ಕೊಂಡ ಮ್ಯಾಲೆ ಅದು ಕೊಲ್ತೈತೆ. ನಾನು ಬಿಟ್ಟೆ. ನನ್ನ ಕೈಲಿ ಆಗಲ್ಲ. ನೀವು ಈಕೆ ಹೇಳ್ದಂಗೆ ಕೇಳ್ರಿ, ನಾನು ಹೇಳಿದ್ದನ್ನ ಮರೀರಿ."

 ಮಿಲ್ಲಿನವನು ಸೊಂಟದ ಪಟ್ಟಿ ಮುಟ್ಟಿ ನೋಡಿಕೊಂಡು ಒಂದು ಸೀಸದ ತುಂಡನ್ನು ತೆಗೆದು ಕೆಳಗಿಟ್ಟ. ಆಮೇಲೆ ನೇಯುವವನು ನನ್ನ ಕಡೆ ತಿರುಗಿ, ಮೇಲೆ ಬರುವಾಗ ಬಾಯಿ ಮುಚ್ಚಿರುವುದು ತನಗೇ ಗೊತ್ತಾಗದಿದ್ದರೆ ಏನು ಮಾಡಬೇಕು ಎಂದು ಕೇಳಿದ. ಅಷ್ಟು ದಿನದಲ್ಲಿ ಅವರಲ್ಲೊಬ್ಬ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ರಾಗ ಎಳೆಯಿರಿ ಎಂದೆ. ತಳ ಬಿಟ್ಟ ಗಳಿಗೆಯಿಂದ ಗಂಟಲಲ್ಲಿ ಊ ಎಂದು ಎಳೆಯುತ್ತ ಬನ್ನಿ, ಒಂದು ಮುಗಿದರೆ ಉಸಿರೆಳೆದು ಇನ್ನೊಂದು. ದನಿ ಬರುತ್ತಿದ್ದರೆ ಗಾಳಿ ಹೊರಗೆ ಹೋಗುತ್ತಿದೆ ಅಂತ ಅರ್ಥ, ದನಿ ನಿಂತರೆ ನಿಮಗೇ ಕೇಳುತ್ತದೆ.

ಅವತ್ತೂ ಮರುದಿನವೂ ಒಬ್ಬೊಬ್ಬರನ್ನೇ ಕರೆದುಕೊಂಡು ಇಳಿದೆ. ಅರ್ಧಕ್ಕಿಂತ ಮೇಲೆ ಬಂದಾಗ ನಿಲ್ಲಿಸುತ್ತಿದ್ದೆ, ಅಲ್ಲಿ ಒಂದಷ್ಟು ಹೊತ್ತು ಸುಮ್ಮನೆ ನಿಂತು ಮೈಯೊಳಗೆ ಸೇರಿದ ಗಾಳಿ ಇಳಿಯಲು ಬಿಡಬೇಕು, ಆಮೇಲೆ ಮತ್ತೆ ನಿಧಾನ. ಸುತ್ತಲಿನ ಕಲ್ಲುಗೋಡೆಗೆ ಬಡಿದು ಆ ಊ ದನಿ ಬಾವಿಯ ತುಂಬ ಕೇಳುತ್ತಿತ್ತು. ಸಮುದ್ರದಲ್ಲಿ ಹಾಗೆ ಕೇಳುವುದಿಲ್ಲ. ಮಿಲ್ಲಿನವನದು ಎರಡು ಸಲ ನಿಂತುಹೋಯಿತು, ಎರಡೂ ಸಲ ಅವನೇ ತಿಳಿದು ಮತ್ತೆ ಶುರುಮಾಡಿದ. ಮೂರನೇ ಸಲ ನಿಲ್ಲಲಿಲ್ಲ. ಐದೂ ಜನ ಬಾಯಿ ತೆರೆದುಕೊಂಡೇ ಮೇಲೆ ಬಂದರು. ಮೆಟ್ಟಿಲ ಮೇಲೆ ನಿಂತಿದ್ದ ಮಾವ ಯಾರನ್ನೂ ಹೊಗಳಲಿಲ್ಲ, ಚಪ್ಪಾಳೆಯಿಲ್ಲ, ಎಣಿಕೆಯಿಲ್ಲ. ಮೇಲೆ ಬಂದವರ ಕೈ ಹಿಡಿದು ಎಳೆದುಕೊಂಡು, ಬೆನ್ನಿನ ಭಾರ ಇಳಿಸಿ ಪಕ್ಕಕ್ಕಿಡುತ್ತಿದ್ದ.

ಕೊನೆಯ ದಿನ ಹುಡುಗರು ಹೋದ ಮೇಲೆ ನಾನೂ ಅವನೂ ಏರಿಯ ಮೇಲೆ ನಡೆದು ಮನೆಗೆ ಹೊರಟೆವು. ಖಾಲಿ ಸಿಲಿಂಡರನ್ನು ಬೇಡವೆಂದರೂ ಅವನೇ ಹೆಗಲ ಮೇಲೆ ಹೊತ್ತಿದ್ದ. ನನ್ನ ಕಾಲು ಕಿತ್ತಿಡಲಾಗುತ್ತಿರಲಿಲ್ಲ. ಕಿವಿಯ ಸಿಳ್ಳೆ ಜೋರಾಗಿತ್ತು. ಉಳಿದ ರಜೆಯೆಲ್ಲ ಮಲಗಿ, ಮತ್ತೆ ಬಸ್ಸು, ಮತ್ತೆ ದೋಣಿ, ಮತ್ತೆ ನಗು ಎಂದು ಲೆಕ್ಕ ಹಾಕುತ್ತ ನಡೆಯುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವನು ಮಾತಾಡಿದ.

"ನಾನು ಕಲ್ಸಿದ್ದನ್ನ ಮರೆಯಾಕೆ ನಿಂಗೆ ಎಷ್ಟು ದಿನ ಹಿಡೀತು?"

ಏನಾದರೊಂದು ಹೇಳಬಹುದಿತ್ತು. ಒಂದು ತಿಂಗಳು ಅಂದಿದ್ದರೆ ಅವನು ನಂಬುತ್ತಿದ್ದ. ಆದರೆ ಹಿಂದಿನ ದಿನ ಬೇವಿನ ಕೆಳಗೆ ನಿಂತು ಅಷ್ಟು ಹೇಳಿದವನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಪೂರ್ತಿ ಮರೆತಿಲ್ಲ ಮಾವ. ದಣಿವಾದ ದಿನ ಮ್ಯಾಲೆ ಬರುವಾಗ ಬಾಯಿ ತಾನೇ ಮುಚ್ಕೊಂತೈತೆ. ತಟ್ಟಂತ ನೆಪ್ಪಾಗಿ ಬಿಡ್ತೀನಿ."

ಅವನು ನಿಂತುಬಿಟ್ಟ. ಸಿಲಿಂಡರನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿದ.

"ದಣಿವಾಗದ ದಿನ ಯಾವ್ದೈತೆ ನಿಂಗೆ?"

ನಾನು ಮುಂದೆ ನಡೆಯಹೋದೆ, ಅವನು ಕದಲಲಿಲ್ಲ.

"ನಂಗೆ ಬ್ಯಾಡ ಅನ್ನಾಕೆ ನೀನಿದ್ದೆ," ಅಂದ. "ನಿಂಗೆ ಅಲ್ಲಿ ಯಾರು ಅಂತಾರೆ? ನಾನಂತೀನಿ. ನೀನೂ ಬಿಟ್ಟುಬಿಡವ್ವ."

ಇಷ್ಟು ವರ್ಷದಲ್ಲಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಅವ್ವನಿಗೆ ನನ್ನ ಕೆಲಸವೆಂದರೆ ಹೆಮ್ಮೆ, ಅಲ್ಲಿಯವರಿಗೆ ನಾನಿಲ್ಲದೆ ನಡೆಯುವುದಿಲ್ಲ, ಬಂದವರಿಗೆಲ್ಲ ನನ್ನ ಹಾಗೆ ಬದುಕಬೇಕೆಂಬ ಆಸೆ. ಏರಿಯ ನಡುವೆಯೇ ಕೂತು ಅತ್ತುಬಿಟ್ಟೆ. ಮಾವ ಸಿಲಿಂಡರನ್ನು ಕೆಳಗಿಳಿಸಿ ನನ್ನ ಪಕ್ಕದಲ್ಲಿ ಕೂತ.